ಪಡಸಾಲೆಯಲ್ಲಿ ಧ್ವನಿಯ ಠಾವು

ಬೀದರ ಜಿಲ್ಲೆಯ ನಿರ್ಣಾದಲ್ಲಿರುವ ನಮ್ಮ ಬಂಧುಗಳ ಮನೆಗೆ ಪಟ್ಟಣದಲ್ಲಿರುವ ಮಗನು ದೊಡ್ಡ ಟಿ.ವಿ.ಯೊಂದಿಗೆ ಐದು ಸ್ಪೀಕರುಗಳನ್ನೂ ಮಂದ್ರಧ್ವನಿಯ ಒಂದು ಪೆಟ್ಟಿಗೆಯನ್ನೂ ತಂದನು. ಜೋಡಿಸಲು ಬಂದ ಹುಡುಗನು ಐದನ್ನೂ ಕಪಾಟಿನ ಮೇಲೆ ಸಾಲಾಗಿ ಇಟ್ಟು ಹೋದನು. ಗದ್ದಲವೆಲ್ಲ ಕೇಳುತ್ತದೆ, ಮಾತು ಮಾತ್ರ ಕೇಳದು ಎಂದು ಮನೆಯ ಹಿರಿಯ ತಾಯಿಯವರು ನೊಂದುಕೊಂಡರು. ವಯಸ್ಸಾದ ಕಿವಿಯೇ ಕಾರಣವೆಂದು ಎಲ್ಲರೂ ನಂಬಿದ್ದರು. ತಪ್ಪು ಕಿವಿಯದಾಗಿರಲಿಲ್ಲ.

ಚಲನಚಿತ್ರಗಳ ಸಂಭಾಷಣೆಯ ಬಹುಪಾಲು ಹೊರಡುವುದು ನಡುವಿನ ಸ್ಪೀಕರಿನಿಂದ. ಆದುದರಿಂದ ಅದು ಟಿ.ವಿ.ಯ ನೇರ ಕೆಳಗೋ ಮೇಲೋ ಇದ್ದು, ಕೇಳುವವರ ಮುಖದತ್ತ ತುಸು ವಾಲಿರಬೇಕು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನಂತೆ ಮುಂದಿನ ಎಡ ಬಲದ ಸ್ಪೀಕರುಗಳು ನಡುವಿನಿಂದ ತಲಾ 30 ಡಿಗ್ರಿ ಕೋನದಲ್ಲಿರಬೇಕು. ಕೋನಮಾಪಕವೇನೂ ಬೇಡ. ಕೂರುವ ಸ್ಥಳದಿಂದ ಎರಡಕ್ಕೂ ಹತ್ತು ಅಡಿಯಿದ್ದರೆ ಅವೆರಡರ ನಡುವೆಯೂ ಹತ್ತು ಅಡಿಯಿರಲಿ. ಒಂದೇ ಅಳತೆಯ ಹಗ್ಗ ಸಾಕು. ಹಿಂದಿನ ಎರಡು ಸ್ಪೀಕರುಗಳು ಬೆನ್ನಿನ ಹಿಂದಲ್ಲ, ಕಿವಿಯ ಸಾಲಿನಿಂದ ತುಸು ಹಿಂದಕ್ಕೆ ಎರಡೂ ಮಗ್ಗುಲಲ್ಲಿ, ಅಂದರೆ 100ರಿಂದ 120 ಡಿಗ್ರಿಯೊಳಗೆ ಇರತಕ್ಕದ್ದು.

ನಮ್ಮ ಕಡೆಯ ತೊಡಕು ಬೇರೆಯೇ. ಸೋಫಾದಲ್ಲಿ ಕುಳಿತವರ ಕಿವಿ ನೆಲದಿಂದ ಸುಮಾರು ಮೂರೂವರೆ ಅಡಿ ಎತ್ತರದಲ್ಲಿದ್ದರೆ, ಚಾಪೆಯ ಮೇಲೆ ಕುಳಿತವರದು ಎರಡೂವರೆ ಅಡಿಯಷ್ಟೇ. ತಾರಧ್ವನಿಯು ನೇರವಾಗಿ ಸಾಗುವುದರಿಂದ ಎತ್ತರದ ಸ್ಪೀಕರಿನ ಸ್ಪಷ್ಟತೆ ತಲೆಯ ಮೇಲಿಂದ ಹಾದುಹೋಗುತ್ತದೆ. ಮನೆಯಲ್ಲಿ ಹೆಚ್ಚು ಹೊತ್ತು ಯಾರು ಎಲ್ಲಿ ಕೂರುವರೆಂಬುದನ್ನು ಮೊದಲು ನೋಡಿ, ಆಮೇಲೆ ಮೊಳೆ ಹೊಡೆಯಿರಿ.

ಹಾಸುಗಲ್ಲಿನ ನೆಲ, ಬರಿಯ ಗೋಡೆಗಳು ಧ್ವನಿಯನ್ನು ಹಿಂದಿರುಗಿಸುತ್ತವೆ. ವಿಜಯಪುರದ ಗೋಲಗುಮ್ಮಟದಲ್ಲಿ ನಾವು ಬೆರಗಾಗಿ ಕೇಳುವ ಪ್ರತಿಧ್ವನಿಯ ಸಣ್ಣ ತಮ್ಮನು ಮನೆಯಲ್ಲಿ ಮಾತಿನ ಮೇಲೆ ಮಾತು ಹೇರುತ್ತಾನೆ. ನೆಲಕ್ಕೊಂದು ದಪ್ಪ ಜಮಖಾನೆ, ಎದುರು ಗೋಡೆಗೆ ಅಜ್ಜಿ ಹೊಲಿದ ಕೌದಿ ಇದ್ದರೆ ದುಬಾರಿ ಸಲಕರಣೆಗಳ ಅಗತ್ಯವೇ ಬೀಳದು.

ಧ್ವನಿಯು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡು ಬೇಕು. ಪ್ರತಿ ಸ್ಪೀಕರಿನ ದೂರವನ್ನು ಟೇಪಿನಿಂದ ಅಳೆದು ಯಂತ್ರಕ್ಕೆ ತಿಳಿಸಿದರೆ ಹತ್ತಿರದ್ದನ್ನು ಅದು ತಡೆದು ಕಳಿಸುತ್ತದೆ. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಿಕೆ ಕೇಳುವಾಗ ಮಾತ್ರ ಹಿಂದಿನವನ್ನು ಆರಿಸಿಬಿಡುವುದು ಲೇಸೆಂದು ನಮ್ಮ ಅಭಿಪ್ರಾಯ.

ಮಂದ್ರದ ಪೆಟ್ಟಿಗೆಯನ್ನು ಮೂಲೆಗೆ ತಳ್ಳಿದರೆ ಅದು ಗುಡುಗುತ್ತದೆ. ಅದನ್ನು ನೀವು ಕೂರುವ ಜಾಗದಲ್ಲಿಟ್ಟು, ಗೋಡೆಗುಂಟ ಅಂಬೆಗಾಲಿಟ್ಟು ಕೇಳುತ್ತ ಬನ್ನಿ. ನಾದ ಸಮವಾಗಿ ಕೇಳಿದೆಡೆಯೇ ಅದರ ಠಾವು. ನೋಡಿದವರು ನಗಬಹುದು, ನಗಲಿ. ಒಂದೇ ಗೋಡೆಯನ್ನು ಹಂಚಿಕೊಂಡ ಹಳೆಯ ಮನೆಗಳಲ್ಲಿ ನೆರೆಯವರ ನಿದ್ದೆಯನ್ನು ಕೆಡಿಸುವುದೂ ಇದೇ ಪೆಟ್ಟಿಗೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ 10ರ ಮೇಲೆ 45 ಡೆಸಿಬೆಲ್ ಮಿತಿ ವಿಧಿಸಿವೆ.

ನಿರ್ಣಾದ ಮನೆಯಲ್ಲಿ ಸ್ಥಳ ಬದಲಿಸಲು ಅರ್ಧ ದಿನ ಹಿಡಿಯಿತು. ಆ ಸಂಜೆ ತಾಯಿಯವರು ಯಾರನ್ನೂ ಕೇಳದೆ ಕಥೆಯನ್ನು ಹಿಂಬಾಲಿಸಿದರು. ಎಡಗಡೆಯ ತಂತಿ ಮಾತ್ರ ದೇವರ ಕೋಣೆಯ ಹೊಸ್ತಿಲನ್ನು ದಾಟುತ್ತಿದ್ದುದರಿಂದ, ಅವರ ಅಪ್ಪಣೆಯಂತೆ ಅದನ್ನು ಬಾಗಿಲಿನ ಮೇಲಿನಿಂದ ಸುತ್ತಿಸಿ ತರಬೇಕಾಯಿತು.