ಓಟಿಯ ಸಿಸ್ಟರ್‌ಗೆ ಅರಿವಳಿಕೆ ಗೊತ್ತಿರಬೇಕು

ಕುರುಡುಮಲೆಯ ಗರ್ಭಿಣಿಗೆ ಸಿಜೇರಿಯನ್ ಆಗಬೇಕೆಂದರೆ ಹತ್ತಿರದಲ್ಲಿರುವುದು ಮುಳಬಾಗಿಲಿನ ತಾಲ್ಲೂಕು ಆಸ್ಪತ್ರೆ. ಅಲ್ಲಿ ಆಗದಿದ್ದರೆ ಇನ್ನೂ ಸುಮಾರು 30 ಕಿ.ಮೀ. ಸಾಗಿ ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಗೋ ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಹೋಗಬೇಕು. ಎಲ್ಲಿಗೆ ಹೋದರೂ ಮನೆಯವರು ವಿಚಾರಿಸುವುದು ಆಪರೇಷನ್ ಮಾಡುವ ಡಾಕ್ಟರ ಬಗ್ಗೆ. ಅರಿವಳಿಕೆ ಕೊಡುವವರು ಯಾರು ಎಂದು ಕೇಳುವವರು ಕಡಿಮೆ. ಅವರ ಪಕ್ಕದಲ್ಲಿ ನಿಂತು ಔಷಧಿ ಕೈಗಿಡುವ, ರೋಗಿಯನ್ನು ಹಿಡಿದು ಕೂರಿಸುವ ನರ್ಸ್‌ಗೆ ಅರಿವಳಿಕೆಯ ವಿಷಯ ಎಷ್ಟು ಗೊತ್ತು ಎಂದು ಯಾರೂ ಕೇಳುವುದಿಲ್ಲ. ಕೇಳಬೇಕು ಎನ್ನುವುದು ನನ್ನ ವಾದ. ಸಣ್ಣ ಊರಿನ ಓಟಿಯಲ್ಲಿ ಅರಿವಳಿಕೆ ಎಷ್ಟು ಸುರಕ್ಷಿತ ಎನ್ನುವುದನ್ನು ಯಂತ್ರಕ್ಕಿಂತ ಹೆಚ್ಚಾಗಿ ಆ ನರ್ಸಿನ ತಿಳಿವಳಿಕೆ ನಿರ್ಧರಿಸುತ್ತದೆ.

ಬೆನ್ನಿಗೆ ಇಂಜೆಕ್ಷನ್ ಎಂದು ಜನ ಕರೆಯುವ ಸ್ಪೈನಲ್ ಅರಿವಳಿಕೆಯನ್ನೇ ನೋಡೋಣ. ಜರ್ಮನಿಯ ಆಗಸ್ಟ್ ಬೀರ್ 1898ರಲ್ಲಿ ಮೊದಲು ಮಾಡಿ ತೋರಿಸಿದ ವಿಧಾನ ಇದು. ಇಂದು ಹೆಚ್ಚಿನ ಸಿಜೇರಿಯನ್‌ಗಳು ನಡೆಯುವುದು ಇದರಲ್ಲೇ. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಸೇರುವ ಬುಪಿವಕೇನ್ ಎರಡು ಮಿಲಿಲೀಟರಿನ ಆಸುಪಾಸು ಅಷ್ಟೇ. ಅದು ನೋವಿನ ನರಗಳ ಜೊತೆಗೆ ರಕ್ತನಾಳಗಳನ್ನು ಬಿಗಿಯಾಗಿಡುವ ನರಗಳನ್ನೂ ತಡೆಯುತ್ತದೆ. ನಾಳಗಳು ಸಡಿಲವಾಗಿ ಕೆಲವೇ ನಿಮಿಷಗಳಲ್ಲಿ ಬಿ.ಪಿ. ಕುಸಿಯಬಹುದು. ತುಂಬು ಗರ್ಭಿಣಿ ಅಂಗಾತ ಮಲಗಿದ್ದರೆ ಗರ್ಭಕೋಶದ ಭಾರ ಹೃದಯಕ್ಕೆ ರಕ್ತ ತರುವ ದೊಡ್ಡ ನಾಳವನ್ನು ಒತ್ತಿ ಕುಸಿತ ಇನ್ನೂ ಹೆಚ್ಚುತ್ತದೆ. ಅದಕ್ಕೇ ಟೇಬಲ್ಲನ್ನು ಸುಮಾರು 15 ಡಿಗ್ರಿ ಎಡಕ್ಕೆ ವಾಲಿಸುವುದು, ಇಲ್ಲವೇ ಬಲಸೊಂಟದ ಕೆಳಗೆ ಮಡಿಸಿದ ಬಟ್ಟೆ ಇಡುವುದು. ಈ ಕಾರಣ ತಿಳಿದ ನರ್ಸ್ ಯಾರೂ ಹೇಳದೆಯೇ ಅದನ್ನು ಮಾಡುತ್ತಾರೆ. ತಾಯಿ 'ವಾಂತಿ ಬಂದಂಗಾಗ್ತಿದೆ ಸಿಸ್ಟರ್' ಎಂದರೆ ಟ್ರೇ ಹಿಡಿಯುವ ಮುನ್ನ ಬಿ.ಪಿ. ನೋಡುತ್ತಾರೆ, ಆ ವಾಕರಿಕೆ ಎಷ್ಟೋ ಸಲ ಬಿ.ಪಿ. ಬಿದ್ದುದರ ಮೊದಲ ಸುಳಿವು. ಕೈಬೆರಳು ಜೋಮು ಹಿಡಿಯುತ್ತಿದೆ ಎಂದರೆ, ದನಿ ಸಣ್ಣದಾದರೆ, ಔಷಧಿಯ ಪ್ರಭಾವ ಎದೆಯ ಮೇಲಕ್ಕೆ ಏರುತ್ತಿದೆ, ಉಸಿರಾಟಕ್ಕೆ ನೆರವು ಬೇಕಾಗಬಹುದು ಎಂದು ಅವರಿಗೆ ಹೊಳೆಯುತ್ತದೆ.

ಕೋಲಾರದ ಸೀಮೆಯಲ್ಲಿ ಈ ತಿಳಿವಳಿಕೆಗೆ ಇನ್ನೊಂದು ಕಾರಣವಿದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆ ದಶಕಗಳಿಂದ ಕೊಳವೆಬಾವಿಯನ್ನು ನಂಬಿದೆ, ಮತ್ತು ಹಲವು ಹಳ್ಳಿಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಮಿನ ಗರಿಷ್ಠ ಮಿತಿಯನ್ನು ದಾಟಿದೆ. ಅಂಥ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಹಲ್ಲು ಕಂದುಗಟ್ಟುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕೆಲವರಲ್ಲಿ ಬೆನ್ನೆಲುಬಿನ ಕಟ್ಟುಗಳೇ ಗಟ್ಟಿಯಾಗಿ ಮೂಳೆಯಂತಾಗುವುದು ಕಾಣುವುದಿಲ್ಲ. ಆಗ ಸ್ಪೈನಲ್ ಸೂಜಿಗೆ ದಾರಿ ಸಿಗುವುದಿಲ್ಲ. ಪೂರ್ತಿ ಪ್ರಜ್ಞೆ ತಪ್ಪಿಸೋಣವೆಂದರೆ ಕತ್ತು ಹಿಂದಕ್ಕೆ ಬಾಗದೆ ಶ್ವಾಸನಾಳಕ್ಕೆ ಕೊಳವೆ ಹಾಕುವುದೂ ಕಷ್ಟ. ಹರ್ನಿಯಾಕ್ಕೋ ಗರ್ಭಕೋಶದ ಆಪರೇಷನ್‌ಗೋ ಬಂದ ಹಿರಿಯರಿಗೆ ಹಿಂದಿನ ಸಂಜೆಯೇ 'ಸೂರು ನೋಡಿ, ಗದ್ದ ಎದೆಗೆ ತಾಗಿಸಿ, ಬಗ್ಗಿ' ಎಂದು ಹೇಳಿ ನೋಡಿದರೆ ತೊಂದರೆ ಮೊದಲೇ ತಿಳಿಯುತ್ತದೆ, ಸಿದ್ಧತೆಗೂ ಸಮಯ ಸಿಗುತ್ತದೆ. ಉಪವಾಸದ ಪ್ರಶ್ನೆಯೂ ಹೀಗೆಯೇ. 'ಏನೂ ತಿಂದಿಲ್ಲ' ಎನ್ನುವವರು ಸುಳ್ಳು ಹೇಳುತ್ತಿಲ್ಲ, ಬೆಳಗಿನ ಕಾಫಿಯನ್ನು ತಿಂಡಿಯ ಲೆಕ್ಕಕ್ಕೆ ಸೇರಿಸಿಲ್ಲ ಅಷ್ಟೆ. ಬರಿ ನೀರಾದರೆ ಎರಡು ಗಂಟೆ ಸಾಕು, ಹಾಲು ಹಾಕಿದ ಕಾಫಿಗೆ ಆರು ಗಂಟೆ ಬೇಕು. ಇಲ್ಲದಿದ್ದರೆ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿಯುವ ಅಪಾಯ. ಮನೆಮಾತು ತೆಲುಗಾಗಿರುವ ಅಜ್ಜಿಯನ್ನು ತೆಲುಗಿನಲ್ಲೇ ಕೇಳಿ ನಿಜ ಹೊರಡಿಸುವವರು ಹೆಚ್ಚಾಗಿ ನರ್ಸ್‌ಗಳೇ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯ ಮೊದಲ ಹಂತ ನಡೆಯಬೇಕಾದದ್ದು ಅರಿವಳಿಕೆಗೆ ಮುನ್ನ, ಕನಿಷ್ಠ ನರ್ಸ್ ಮತ್ತು ಅರಿವಳಿಕೆ ವೈದ್ಯರು ಜೊತೆಗಿದ್ದು. ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಬಳಸಿದಾಗ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿದದ್ದು 2009ರಲ್ಲಿ ಪ್ರಕಟವಾಯಿತು. ಆದರೆ ಕೆನಡಾದ ಒಂಟಾರಿಯೊದಲ್ಲಿ ನೂರೊಂದು ಆಸ್ಪತ್ರೆಗಳ ಅನುಭವವನ್ನು 2014ರಲ್ಲಿ ಲೆಕ್ಕ ಹಾಕಿದಾಗ ಅಂಥ ಇಳಿಕೆ ಕಾಣಲಿಲ್ಲ. ಪಟ್ಟಿಯೇ ವ್ಯರ್ಥ ಎಂದು ಇದನ್ನು ಓದುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ: ಪ್ರಶ್ನೆ ಏಕಿದೆ ಎಂದು ಅರಿಯದೆ ಗುರುತು ಹಾಕಿದರೆ ಕಾಗದ ಯಾರನ್ನೂ ಉಳಿಸದು. ಹೆರಿಗೆಯ ರಕ್ತಸ್ರಾವ ತಡೆಯಲು ಇಟ್ಟ ಟ್ರಾನೆಕ್ಸಾಮಿಕ್ ಆ್ಯಸಿಡ್‌ನ ಆಂಪೂಲ್ ನೋಡಲು ಸ್ಪೈನಲ್ ಔಷಧಿಯಂತೆಯೇ ಇರಬಹುದು. ಅದು ತಪ್ಪಿ ಬೆನ್ನಿಗೆ ಹೋದರೆ ಫಿಟ್ಸ್ ಬಂದು ಜೀವವೇ ಹೋಗಬಹುದೆಂದು ಇದೇ ಸಂಸ್ಥೆ 2022ರಲ್ಲಿ ಎಚ್ಚರಿಸಿತು. ಎರಡನ್ನೂ ಬೇರೆ ಬೇರೆ ಕಡೆ ಇಡುವುದು, ಕೈಗಿಡುವಾಗ ಹೆಸರನ್ನು ಗಟ್ಟಿಯಾಗಿ ಓದುವುದು, ಇಷ್ಟಕ್ಕೆ ಕಾಸು ಖರ್ಚಿಲ್ಲ.

ಇದು ವೈದ್ಯರ ಕೆಲಸ, ನರ್ಸ್ ಕೈಹಾಕಬಾರದು ಎಂಬ ಆಕ್ಷೇಪವಿದೆ. ನಮ್ಮಲ್ಲಿ ಅರಿವಳಿಕೆ ಕೊಡಬೇಕಾದವರು ವೈದ್ಯರೇ. ಅದು ಬದಲಾಗಬೇಕೆಂದು ನಾನು ಹೇಳುತ್ತಿಲ್ಲ. ಕೊಡುವುದು ಬೇರೆ, ಕಾಯುವುದು ಬೇರೆ. ಅಮೆರಿಕದ ನರ್ಸ್ ಆಲಿಸ್ ಮಗಾ 1906ರಲ್ಲಿ 14,000ಕ್ಕೂ ಹೆಚ್ಚು ಅರಿವಳಿಕೆಗಳ ವಿವರ ಬರೆದರು; ಅರಿವಳಿಕೆಯಿಂದ ಒಂದು ಸಾವೂ ಆಗಿರಲಿಲ್ಲ. ಮಾನಿಟರ್ ಇಲ್ಲದ ಆ ಕಾಲದಲ್ಲಿ ಅವರ ಬಳಿ ಇದ್ದದ್ದು ರೋಗಿಯ ಮುಖ, ಉಸಿರು, ನಾಡಿಯ ಮೇಲೆ ಬಿಡದೆ ಇಟ್ಟ ಗಮನ. ಈಗ ಮಾನಿಟರ್ ಇದೆಯಲ್ಲ ಎಂದರೆ, ಆಮ್ಲಜನಕ ಕೊಟ್ಟಿರುವ ರೋಗಿಯ ಉಸಿರು ನಿಂತ ಮೇಲೂ ಬೆರಳಿನ ಪಲ್ಸ್ ಆಕ್ಸಿಮೀಟರ್ ಕೆಲ ನಿಮಿಷ 98 ಎಂದೇ ತೋರಿಸುತ್ತಿರಬಹುದು. ಎದೆ ಏರಿಳಿಯುತ್ತಿಲ್ಲವೆಂದು ಅದಕ್ಕೂ ಮೊದಲೇ ಕಾಣುವುದು ಕಣ್ಣಿಗೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಸಿಬ್ಬಂದಿ ಕೊರತೆಯದು. ಇಂದು ಓಟಿ, ನಾಳೆ ವಾರ್ಡ್ ಎಂದು ಡ್ಯೂಟಿ ತಿರುಗುವಾಗ ಒಬ್ಬರಿಗೆ ಕಲಿಸಿ ಪ್ರಯೋಜನವೇನು ಎನ್ನುತ್ತಾರೆ. ಕೊರತೆ ನಿಜ. ತಜ್ಞರು ಸಾಲದೆ ಎಂಬಿಬಿಎಸ್ ವೈದ್ಯರಿಗೇ 18 ವಾರಗಳ ಜೀವರಕ್ಷಕ ಅರಿವಳಿಕೆ ತರಬೇತಿ ಕೊಡುವ ಯೋಜನೆಯನ್ನು ಸರ್ಕಾರ ತಂದದ್ದೂ ಅದಕ್ಕೇ. ಹಾಗೆ ತರಬೇತಾದ ವೈದ್ಯರಿಗೆ ಬಲ್ಲ ಸಹಾಯಕರ ಅಗತ್ಯ ತಜ್ಞರಿಗಿಂತ ಹೆಚ್ಚು. ಪ್ರತಿ ತಾಲ್ಲೂಕು ಓಟಿಗೆ ಇಬ್ಬರು ಮೂವರು ನರ್ಸ್‌ಗಳನ್ನು ಗೊತ್ತುಮಾಡಿ, ಕೆಲವು ವಾರ ಕೋಲಾರದ ದೊಡ್ಡ ಆಸ್ಪತ್ರೆಗಳಲ್ಲಿ ಅರಿವಳಿಕೆ ವೈದ್ಯರ ಜೊತೆ ನಿಲ್ಲಿಸಿ, ಆಮೇಲೆ ಒಂದೆರಡು ವರ್ಷವಾದರೂ ಅಲ್ಲಿಂದ ಕದಲಿಸದಿದ್ದರೆ ಸಾಕು. ಡ್ಯೂಟಿ ಪಟ್ಟಿ ಬರೆಯುವವರ ಕೈಯಲ್ಲೇ ಇರುವ ಕೆಲಸ ಇದು.