ಶರಪಂಜರ ಕಟ್ಟುವವರು ಯಾರು?

ನಮ್ಮ ಮನೆಗಳಲ್ಲಿ ಕಾಯಿಲೆಗಳಿಗೂ ಮಡಿ-ಮೈಲಿಗೆಯಿದೆ. ಸಕ್ಕರೆ ಕಾಯಿಲೆ ಬಂದವರು ಸಂಘದ ಸಭೆಯಲ್ಲಿ ನಾಲ್ಕು ಜನಕ್ಕೆ ಕೇಳುವಂತೆ "ನನ್ನ ಕಾಫಿಗೆ ಸಕ್ಕರೆ ಬೇಡಪ್ಪ" ಎನ್ನುತ್ತಾರೆ. ಅತ್ತೆಯ ಮಂಡಿನೋವು ಮದುವೆ ಮನೆಯ ಮಾತುಕತೆಗೆ ವಸ್ತುವಾಗುತ್ತದೆ. ಬೈಪಾಸ್ ಆದವರಂತೂ ಯುದ್ಧ ಗೆದ್ದು ಬಂದವರಂತೆ ಕಥೆ ಹೇಳುತ್ತಾರೆ. ಆದರೆ ಅದೇ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗ ಮೂರು ತಿಂಗಳಿಂದ ನಿದ್ದೆಯಿಲ್ಲದೆ, ಊಟ ಸೇರದೆ, ಗೆಳೆಯರನ್ನೂ ಬಿಟ್ಟು ಕೋಣೆಯ ಮೂಲೆ ಹಿಡಿದು ಕುಳಿತಿದ್ದರೆ? "ಪರೀಕ್ಷೆಗೆ ಓದುತ್ತಿದ್ದಾನೆ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಯುವ ಮಿತ್ರರೇ, ಇದು ದೊಡ್ಡವರ ವಿಷಯ, ನಮಗೇಕೆ ಎನ್ನಬೇಡಿ. ಮನಸ್ಸಿನ ಕಾಯಿಲೆಗಳಲ್ಲಿ ಅರ್ಧದಷ್ಟು 14ನೆಯ ವಯಸ್ಸಿನೊಳಗೆ, ಮುಕ್ಕಾಲು ಪಾಲು 24ರೊಳಗೆ ತಲೆದೋರುತ್ತವೆಂದು ಅಧ್ಯಯನಗಳು ಹೇಳುತ್ತವೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳು ನಿಮ್ಮ ಅಪ್ಪ ಅಮ್ಮಂದಿರ ವಯಸ್ಸಿನವಾದರೆ ಇವು ನಿಮ್ಮ ವಯಸ್ಸಿನವು.

ಇದು ದೆವ್ವದ ಕಾಟವಲ್ಲ, ಪೂರ್ವಜನ್ಮದ ಪಾಪವಲ್ಲ, ಮನೋಬಲದ ಕೊರತೆಯೂ ಅಲ್ಲ. ಮೆದುಳಿನ ಕೆಲಸದಲ್ಲಾಗುವ ಏರುಪೇರು, ವಂಶದಿಂದ ಬಂದ ಒಲವು, ಬದುಕಿನ ಪೆಟ್ಟುಗಳು ಒಟ್ಟಿಗೆ ಸೇರಿ ತರುವ ಕಾಯಿಲೆ. ಎರಡು ವಾರಕ್ಕೂ ಮೀರಿ ಮನಸ್ಸು ಮಂಕಾಗಿ, ಯಾವುದರಲ್ಲೂ ಆಸಕ್ತಿಯಿಲ್ಲದೆ, ನಿದ್ದೆ ಹಸಿವು ಕೆಟ್ಟರೆ ಅದು ಬರೀ ಬೇಸರವಲ್ಲ, ಖಿನ್ನತೆಯಿರಬಹುದು. ಯಾರೂ ಇಲ್ಲದಾಗ ದನಿಗಳು ಕೇಳಿಸುವುದು, ಎಲ್ಲರೂ ತನ್ನ ವಿರುದ್ಧ ಸಂಚು ಹೂಡುತ್ತಿದ್ದಾರೆಂದು ಬಲವಾಗಿ ನಂಬುವುದು ಸ್ಕಿಜೋಫ್ರೇನಿಯಾದ ಲಕ್ಷಣಗಳಾಗಿರಬಹುದು. ನೂರು ಜನರಲ್ಲಿ ಸುಮಾರು ಒಬ್ಬರಿಗೆ ಜೀವನದಲ್ಲೊಮ್ಮೆ ಇದು ಬರುತ್ತದೆ. 1952ರಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧಿಯ ಬಳಕೆ ಆರಂಭವಾದಾಗಿನಿಂದ ಇಂಥ ಕಾಯಿಲೆಗಳಿಗೂ ಮದ್ದಿದೆ. ಖಿನ್ನತೆಗೆ ಔಷಧಿಯ ಜೊತೆಗೆ ಆಪ್ತ ಸಲಹೆಯೂ ಫಲ ಕೊಡುತ್ತದೆ.

ಮದ್ದಿದ್ದ ಮೇಲೆ ತೊಂದರೆ ಎಲ್ಲಿದೆ? ಇದಕ್ಕೆ ಉತ್ತರವನ್ನು ನಮ್ಮ ತ್ರಿವೇಣಿಯವರು ಎಂದೋ ಬರೆದಿಟ್ಟಿದ್ದಾರೆ. ಅವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1971ರಲ್ಲಿ ತೆರೆಗೆ ತಂದ 'ಶರಪಂಜರ'ವನ್ನು ನಿಮ್ಮ ತಾಯಂದಿರು ಖಂಡಿತ ನೋಡಿರುತ್ತಾರೆ. ಕಲ್ಪನಾ ಅಭಿನಯಿಸಿದ ಕಾವೇರಿಗೆ ಹೆರಿಗೆಯ ನಂತರ ಚಿತ್ತವಿಕಾರವಾಗುತ್ತದೆ. ಚಿಕಿತ್ಸೆಯಿಂದ ಗುಣವಾಗಿ ಮನೆಗೂ ಬರುತ್ತಾಳೆ. ನಿಜವಾದ ಕಥೆ ಶುರುವಾಗುವುದೇ ಅಲ್ಲಿಂದ. ವೈದ್ಯರು ವಾಸಿಯಾಗಿದೆ ಎಂದರೂ ಸುತ್ತಲಿನವರು ಅವಳ ಪ್ರತಿಯೊಂದು ನಡೆಯಲ್ಲೂ ಹುಚ್ಚನ್ನೇ ಹುಡುಕುತ್ತಾರೆ. ಕೊನೆಗೆ ಅವಳು ಮತ್ತೆ ಆಸ್ಪತ್ರೆಯ ದಾರಿ ಹಿಡಿಯಬೇಕಾಗುತ್ತದೆ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿಯವರಿಗೆ ಗೊತ್ತಿತ್ತು, ಈ ಬಾಣಗಳ ಪಂಜರವನ್ನು ಕಟ್ಟುವುದು ಕಾಯಿಲೆಯಲ್ಲ, ಕಾಯಿಲೆಯಿಲ್ಲದ ನಾವು.

ನಮ್ಮ ಅಜ್ಜಿಯರು 'ಬಾಣಂತಿ ಸನ್ನಿ' ಎನ್ನುತ್ತಿದ್ದುದು ಇಂಥ ತೊಂದರೆಗಳನ್ನೂ ಸೇರಿಸಿಯೇ. ಸಾವಿರ ಹೆರಿಗೆಗಳಲ್ಲಿ ಒಂದೆರಡರ ನಂತರ ಹೀಗಾಗುವುದುಂಟು. ಸಕಾಲದಲ್ಲಿ ಚಿಕಿತ್ಸೆಯಾದರೆ ಚೆನ್ನಾಗಿ ಗುಣವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಒಟ್ಟಿಗೇ ಇದ್ದು ಚಿಕಿತ್ಸೆ ಪಡೆಯುವ ವಾರ್ಡು 2009ರಲ್ಲಿ ಆರಂಭವಾಯಿತು.

ಅದೇ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿತ್ತು. ಕಾಯಿಲೆಗೆ ತಕ್ಕಂತೆ ಶೇಕಡಾ 70ರಿಂದ 92ರಷ್ಟು ಜನ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದರು. ವೈದ್ಯರ ಕೊರತೆಯೂ ಇದೆ, ನಿಜ. ಆದರೆ ವೈದ್ಯರಿಗೆ ಕೊರತೆಯಿಲ್ಲದ ಮಹಾನಗರಗಳಲ್ಲೂ "ಜನ ಏನಂದಾರು?" ಎಂಬ ಒಂದು ಪ್ರಶ್ನೆ ಎಷ್ಟೋ ಕುಟುಂಬಗಳನ್ನು ಆಸ್ಪತ್ರೆಯ ಬಾಗಿಲಿನಿಂದ ಹಿಂದಕ್ಕೆ ಕಳಿಸುತ್ತದೆ.

ಇನ್ನು "ಮದುವೆ ಮಾಡಿದರೆ ಸರಿಹೋಗುತ್ತದೆ" ಎಂಬ ಹಳೆಯ ಮನೆಮದ್ದು. ವಿಷಯ ಮುಚ್ಚಿಟ್ಟು ಮದುವೆ ಮಾಡುತ್ತಾರೆ. ಹೊಸ ಮನೆಯಲ್ಲಿ ಮಾತ್ರೆ ನುಂಗುವುದು ಹೇಗೆ? ನುಂಗುವುದು ನಿಲ್ಲುತ್ತದೆ, ನಿದ್ದೆ ಕೆಡುತ್ತದೆ, ಕಾಯಿಲೆ ಮರುಕಳಿಸುತ್ತದೆ. ಆಮೇಲೆ ಮೋಸದ ಮಾತು, ಕೋರ್ಟು, ಕಚೇರಿ. ಸ್ಕಿಜೋಫ್ರೇನಿಯಾ ಎಂಬ ಹೆಸರೊಂದೇ ವಿಚ್ಛೇದನಕ್ಕೆ ಸಾಲದು, ಕಾಯಿಲೆಯ ತೀವ್ರತೆಯನ್ನು ನೋಡಬೇಕು ಎಂದು ಸುಪ್ರೀಂ ಕೋರ್ಟು 1988ರಲ್ಲೇ ಹೇಳಿದೆ. ಕಾಯಿಲೆಯಿದ್ದೂ ಸಂಸಾರ ನಡೆಸುವವರು ಎಷ್ಟೋ ಜನರಿದ್ದಾರೆ. ಮೊದಲೇ ಸತ್ಯ ಹೇಳಿ, ಮಾತ್ರೆ ನುಂಗಲು ಯಾರ ಕಣ್ಣನ್ನೂ ತಪ್ಪಿಸಬೇಕಾಗಿಲ್ಲದ ಮನೆಯಲ್ಲಿ ಅದು ಸುಲಭ.

ಬಚ್ಚಿಡುವುದರ ಕೊನೆ ಎಲ್ಲಿಗೆ ಮುಟ್ಟುತ್ತದೆಂದು ದೇಶ 2001ರ ಆಗಸ್ಟ್ 6ರಂದು ಕಂಡಿತು. ತಮಿಳುನಾಡಿನ ಎರವಾಡಿಯಲ್ಲಿ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ ಮನೋರೋಗಿಗಳು ಓಡಲಾರದೆ 28 ಮಂದಿ ಬೆಂದುಹೋದರು. 2017ರ ಮಾನಸಿಕ ಆರೋಗ್ಯ ಕಾಯಿದೆ ರೋಗಿಗಳನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ದೇಹದ ಕಾಯಿಲೆಗಳಂತೆ ಇದಕ್ಕೂ ವಿಮೆ ಕೊಡಬೇಕೆಂದಿದೆ. ಆದರೆ ನಾಲಿಗೆಗೆ ಕಾಯಿದೆಯಿಲ್ಲ. ಮುಂಬಯಿಯಲ್ಲಿ "ಠಾಣೆಗೆ ಕಳಿಸಬೇಕು", ಪುಣೆಯಲ್ಲಿ "ಯರವಡಾ", ಚೆನ್ನೈಯಲ್ಲಿ "ಕೀಳ್ಪಾಕ್", ಹೈದರಾಬಾದಿನಲ್ಲಿ "ಎರ್ರಗಡ್ಡ" ಎಂದು ಗೆಳೆಯರನ್ನು ಗೇಲಿ ಮಾಡುವುದನ್ನು ನೀವೂ ಕೇಳಿರುತ್ತೀರಿ. ಆ ಕೀಳ್ಪಾಕ್ ಆಸ್ಪತ್ರೆಗೆ 1961ರಲ್ಲಿ ಮುಖ್ಯಸ್ಥೆಯಾದವರು 1923ರಲ್ಲಿ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಡಾ. ಶಾರದಾ ಮೆನನ್, ದೇಶದ ಮೊದಲ ಮಹಿಳಾ ಮನೋವೈದ್ಯೆ ಎಂದು ಹೆಸರಾದವರು. ಗುಣವಾದವರು ಮತ್ತೆ ಬದುಕು ಕಟ್ಟಿಕೊಳ್ಳಲೆಂದು 1984ರಲ್ಲಿ ಚೆನ್ನೈಯಲ್ಲಿ 'ಸ್ಕಾರ್ಫ್' ಸಂಸ್ಥೆಯನ್ನು ಸ್ಥಾಪಿಸಿದರು. ನಗೆಗೀಡಾದ ಆ ಹೆಸರಿನ ಹಿಂದೆ ಇಂಥ ದುಡಿಮೆಯಿದೆ. ಕ್ಯಾಂಟೀನಿನಲ್ಲಿ "ಮೆಂಟಲ್" ಎಂದು ನೀವು ಹಾಸ್ಯ ಮಾಡುವಾಗ ಪಕ್ಕದಲ್ಲಿ ಕುಳಿತವನು ತನ್ನ ಕಷ್ಟವನ್ನು ನಿಮ್ಮಲ್ಲಿ ಹೇಳಬಾರದೆಂದು ಅಂದೇ ನಿರ್ಧರಿಸಿಬಿಡಬಹುದು.

ಹೊರನಾಡಿನ ನಿಮಗೆ ಇನ್ನೊಂದು ಹೊಣೆಯೂ ಇದೆ. ಮೂಳೆ ಮುರಿದರೆ ಎಕ್ಸ್‌ರೇ ಹೇಳುತ್ತದೆ; ಮನಸ್ಸಿನ ನೋವನ್ನು ಮಾತೇ ಹೇಳಬೇಕು. ಊರಿನಿಂದ ಬಂದು ಮಗನ ಫ್ಲಾಟಿನಲ್ಲಿರುವ ಅಜ್ಜಿ ಹಿಂದಿಯ, ತಮಿಳಿನ ವೈದ್ಯರಿಗೆ ಏನು ಹೇಳಿಯಾಳು? ಅವಳ ಖಿನ್ನತೆ "ಎದೆ ಭಾರ", "ಹೊಟ್ಟೆಯೊಳಗೆ ಸಂಕಟ", "ಯಾತಕ್ಕೂ ಮನಸ್ಸಿಲ್ಲ" ಎಂದು ಕನ್ನಡದಲ್ಲೇ ಹೊರಬರುತ್ತದೆ. ದುಭಾಷಿಯಾಗಿ ಜೊತೆಗೆ ಹೋಗುವವರು ನೀವು. ಅದನ್ನು "ಗ್ಯಾಸ್ ಟ್ರಬಲ್" ಎಂದು ಚಿಕ್ಕದು ಮಾಡಿ ಹೇಳಿದರೆ ಅವಳಿಗೆ ಸಿಗುವುದು ಗ್ಯಾಸಿನ ಮಾತ್ರೆಯೇ. ನಾಚಿಕೆಯೆನಿಸಿದರೂ ಅವಳು ಹೇಳಿದ್ದನ್ನು ಹೇಳಿದಂತೆಯೇ ತಿಳಿಸಿ. ಈ ವಿಷಯಕ್ಕೆ ನಮ್ಮ ಭಾಷೆ ಬಡವಾಗಿಲ್ಲ. 'ಕೊರವಂಜಿ'ಯಲ್ಲಿ ನಾಡನ್ನೇ ನಗಿಸಿದ ವೈದ್ಯ ರಾ.ಶಿ.ಯವರ 'ಮನಮಂಥನ' ಮನೋವೈದ್ಯದ ಕೃತಿಯೇ. 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ಅವರ ಸರಳ ಪುಸ್ತಕಗಳು ಹಲವಾರಿವೆ. ಕನ್ನಡ ಓದಲು ತಡವರಿಸುವವರು ಅಮ್ಮನ ಪಕ್ಕ ಕುಳಿತು ಓದಿಸಿಕೊಳ್ಳಬಹುದು.

ಗೆಳೆಯನೋ ಗೆಳತಿಯೋ ಕುಗ್ಗಿದ್ದರೆ "ಧೈರ್ಯ ತಂದುಕೋ" ಎಂಬ ಉಪದೇಶ ಬೇಡ. ಸುಮ್ಮನೆ ಕುಳಿತು ಕೇಳಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ವಿಚಾರಿಸಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿ ಸಿಗುತ್ತದೆ. ಹೌದೆಂದರೆ ಒಂಟಿಯಾಗಿ ಬಿಡಬೇಡಿ, ಗುಟ್ಟೆಂದು ಮುಚ್ಚಿಡಬೇಡಿ, ಹಿರಿಯರಿಗೆ ತಿಳಿಸಿ ವೈದ್ಯರಲ್ಲಿಗೆ ಕರೆದೊಯ್ಯಿರಿ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದೇ, ಕೇಂದ್ರ ಸರ್ಕಾರ ಆರಂಭಿಸಿದ 'ಟೆಲಿ ಮಾನಸ್'ಗೆ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನು ಮಾಡಬಹುದು. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ನೆರವು ದೊರೆಯುತ್ತದೆ.

ಸಂಘಗಳ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆ, ಕಣ್ಣು ತಪಾಸಣೆಗೆ ಮೇಜು ಹಾಕುವವರು ಯುವಕ ಯುವತಿಯರೇ ಅಲ್ಲವೇ? ಮುಂದಿನ ಶಿಬಿರದಲ್ಲಿ ಮನೋವೈದ್ಯರಿಗೂ ಒಂದು ಮೇಜು ಹಾಕಿ. ಅದನ್ನು ಮೂಲೆಯಲ್ಲಿ ಪರದೆಯ ಹಿಂದೆ ಬಚ್ಚಿಡದೆ, ಮಿಕ್ಕವುಗಳ ಸಾಲಿನಲ್ಲೇ ಹಾಕಿ. ಮೊದಲ ವರ್ಷ ಯಾರೂ ಬರದಿದ್ದರೂ ಸರಿ, ಎರಡನೆಯ ವರ್ಷವೂ ಹಾಕಿ.