ಲಾರಿಯ ಲಾಭವೆಷ್ಟು, ಲಾರಿಯನ್ನೇ ತಿಂದದ್ದೆಷ್ಟು?

ಜುಮಾ ಮುಗಿದ ಮೇಲೆ ಜಮಾಅತಿನ ಕಚೇರಿಗೆ ಬರುವ ತಕರಾರುಗಳಲ್ಲಿ, ಆಸ್ತಿಯ ಜಗಳ ಬಿಟ್ಟರೆ, ಹೆಚ್ಚಿನವು ಪಾಲುದಾರಿಕೆಯವು. ಅಂಥದ್ದೊಂದನ್ನು ಹೆಸರು, ಊರು ಬಿಟ್ಟು ಇಲ್ಲಿ ಬರೆಯುತ್ತಿದ್ದೇವೆ. ಗಲ್ಫಿನಲ್ಲಿರುವ ಅಣ್ಣ ಹಣ ಹಾಕಿದರು. ಊರಲ್ಲಿರುವ ತಮ್ಮ ಹತ್ತು ಚಕ್ರದ ಲಾರಿ ತೆಗೆದು, ಚಾಲಕನನ್ನಿಟ್ಟು, ಮಂಗಳೂರು-ಬೆಂಗಳೂರು ಓಡಿಸತೊಡಗಿದರು. ಲಾಭ ಅರ್ಧರ್ಧ ಎಂದು ಮಾತು. ತಿಂಗಳು ತಿಂಗಳು ಅಣ್ಣನ ಪಾಲು ತಪ್ಪದೆ ಹೋಯಿತು. ಒಂದು ವರ್ಷ ಕಳೆದು ಎರಡು ತಿಂಗಳಾಗುವಾಗ ಹತ್ತೂ ಟೈರು ಬದಲಿಸಬೇಕಾಯಿತು. ಹಣವಿಲ್ಲ. ತಮ್ಮ ಫೋನ್ ಮಾಡಿದರು. “ಇಷ್ಟು ದಿನ ಲಾಭ ಬರುತ್ತಿತ್ತು, ಈಗ ಟೈರಿಗೆ ದುಡ್ಡಿಲ್ಲ ಅಂದರೆ ಏನರ್ಥ?” ಎಂದು ಅಣ್ಣ ಕೇಳಿದರು. ಅಲ್ಲಿಂದ ಮಾತು ಬೆಳೆಯಿತು, ಪೆರ್ನಾಲಿಗೆ ಸಲಾಮೂ ನಿಂತಿತು.

ತಮ್ಮನ ಡೈರಿಯನ್ನು ನಾವು ಪುಟ ಪುಟ ನೋಡಿದೆವು. ಒಂದು ರೂಪಾಯಿಯ ಮೋಸ ಇರಲಿಲ್ಲ. ಇದ್ದದ್ದು ಲೆಕ್ಕದ ತಪ್ಪು, ಒಂದೆರಡು ಲಾರಿ ಇಟ್ಟುಕೊಂಡು ದುಡಿಯುವವರಲ್ಲಿ ಹಲವರು ಮಾಡುವ ತಪ್ಪು.

ಉದಾಹರಣೆಗೆ ಒಂದು ತಿಂಗಳು ತೆಗೆದುಕೊಳ್ಳೋಣ. ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗುವಂತೆ ಇಟ್ಟಿದ್ದೇವೆ, ನೀವು ನಿಮ್ಮದನ್ನು ಹಾಕಿಕೊಳ್ಳಿ. ಹೋಗಿ ಬರುವ ಒಂದು ಟ್ರಿಪ್ಪು 700 ಕಿ.ಮೀ., ತಿಂಗಳಿಗೆ ಎಂಟು ಟ್ರಿಪ್ಪು, ಅಂದರೆ 5,600 ಕಿ.ಮೀ. ಬ್ರೋಕರ್ ಕಮಿಷನ್ ಕಳೆದು ಎರಡೂ ಕಡೆಯ ಬಾಡಿಗೆ ಸೇರಿ ಟ್ರಿಪ್ಪಿಗೆ 33,000 ರೂಪಾಯಿ, ಒಟ್ಟು 2,64,000. ಲೀಟರಿಗೆ ನಾಲ್ಕು ಕಿ.ಮೀ., ಡೀಸೆಲ್ 90 ರೂಪಾಯಿ ಎಂದರೆ ಡೀಸೆಲಿಗೇ 1,26,000. ಆಡ್‌ಬ್ಲೂ 2,800. ಟೋಲ್ 16,800. ಚಾಲಕನ ಸಂಬಳ, ಬಾಟಾ ಸೇರಿ 30,000. ಲೋಡಿಂಗ್, ತಾರ್ಪಾಲು, ಹಗ್ಗ, ದಾರಿಯ ಚಿಲ್ಲರೆ ಖರ್ಚು 4,000. ಎಲ್ಲ ಕಳೆದರೆ ಕೈಯಲ್ಲಿ ಉಳಿಯುವುದು 84,400. ತಮ್ಮ ಇದನ್ನೇ ಲಾಭ ಎಂದುಕೊಂಡು 42,200 ಅಣ್ಣನಿಗೆ ಕಳಿಸುತ್ತಿದ್ದರು.

ಆದರೆ ಆ ತಿಂಗಳು ಕಿಸೆಯಿಂದ ಹೋಗದೆಯೂ ಖರ್ಚಾದದ್ದು ಬಹಳಷ್ಟಿದೆ. ಹತ್ತು ಟೈರಿಗೆ 2,20,000 ರೂಪಾಯಿ, ಅವು 80,000 ಕಿ.ಮೀ. ಬಾಳುತ್ತವೆ ಎಂದಿಟ್ಟುಕೊಂಡರೆ ಲಾರಿ ಒಂದು ಕಿ.ಮೀ. ಉರುಳಿದಾಗಲೆಲ್ಲ 2 ರೂಪಾಯಿ 75 ಪೈಸೆಯ ರಬ್ಬರು ಸವೆಯುತ್ತದೆ. ತಿಂಗಳಿಗೆ 15,400. (ಶಿರಾಡಿ ಘಾಟಿ ಹತ್ತಿ ಇಳಿಯುವ ಲಾರಿಗೆ 80,000 ಎಂಬುದೂ ಸ್ವಲ್ಪ ಧಾರಾಳವೇ. ರಿಟ್ರೆಡ್ ಮಾಡಿಸುವವರು ಅದರ ಖರ್ಚನ್ನೂ, ಅದು ಕೊಡುವ ಹೆಚ್ಚುವರಿ ಓಟವನ್ನೂ ಸೇರಿಸಿ ಭಾಗಿಸಬೇಕು.) ಸರ್ವಿಸ್, ಆಯಿಲ್, ಬ್ರೇಕ್ ಲೈನರ್, ಕ್ಲಚ್ಚು, ಬ್ಯಾಟರಿಗೆ ಕಿ.ಮೀ.ಗೆ ಎರಡೂವರೆ ರೂಪಾಯಿಯಂತೆ 14,000. ವಿಮೆ ವರ್ಷಕ್ಕೆ 84,000 ಎಂದರೆ ತಿಂಗಳಿಗೆ 7,000. ತೆರಿಗೆ, ನ್ಯಾಷನಲ್ ಪರ್ಮಿಟ್, ಎಫ್‌ಸಿ ಎಲ್ಲ ಸೇರಿ ತಿಂಗಳಿಗೆ 4,000.

ಕೊನೆಯದ್ದು ಸವಕಳಿ. ಎಲ್ಲಕ್ಕಿಂತ ದೊಡ್ಡದೂ ಅದೇ, ಯಾರ ಕಣ್ಣಿಗೂ ಬೀಳದಿರುವುದೂ ಅದೇ. 40 ಲಕ್ಷದ ಲಾರಿ ಎಂಟು ವರ್ಷದ ಮೇಲೆ 12 ಲಕ್ಷಕ್ಕೆ ಹೋದರೆ 28 ಲಕ್ಷ ಕರಗಿತು. 96 ತಿಂಗಳಿಗೆ ಹಂಚಿದರೆ ತಿಂಗಳಿಗೆ ಹತ್ತಿರ ಹತ್ತಿರ 29,000.

ಇವಿಷ್ಟೂ ಸೇರಿ 69,400. ಕೈಯಲ್ಲಿದ್ದ 84,400ರಲ್ಲಿ ಕಳೆದರೆ ನಿಜವಾದ ಲಾಭ 15,000. ಅಣ್ಣನ ಪಾಲು 7,500. ಉಳಿದ 34,700 ಅವರದ್ದೇ ಬಂಡವಾಳದ ಚೂರು, ನಾಳೆಯ ಟೈರು, ಮುಂದಿನ ವಿಮೆ. ಅದು ಲಾಭದ ಹೆಸರಲ್ಲಿ ಬಂತು, ಮನೆಯ ಮೇಲಂತಸ್ತಿಗೆ ಹೋಯಿತು.

ಒಬ್ಬರ ಹಣ, ಇನ್ನೊಬ್ಬರ ದುಡಿಮೆಯ ವ್ಯವಹಾರದಲ್ಲಿ ಬಂಡವಾಳ ಸುರಕ್ಷಿತವಾದ ಮೇಲೆ ಮಿಕ್ಕಿದ್ದೇ ಲಾಭ ಎಂಬುದು ಫಿಕ್‌ಹಿನ ಪರಿಚಿತ ನಿಯಮ. ಮಿಂಬರಿನಿಂದ ಹಲವು ಸಲ ಕೇಳಿದ್ದೇವೆ. ಸವಕಳಿ ಹಿಡಿಯದೆ ಹಂಚಿದರೆ ಆ ನಿಯಮ ಮುರಿದದ್ದು ಇಬ್ಬರಿಗೂ ಗೊತ್ತಾಗುವುದಿಲ್ಲ. ತಮ್ಮನೇ ಸ್ಟೇರಿಂಗ್ ಹಿಡಿಯುವುದಾದರೆ ಆ 30,000ದ ಗತಿ ಏನು? ಅದು ಲಾಭವಲ್ಲ, ಚಾಲಕನ ಕೂಲಿ. ಅದನ್ನು ಬೇರೆ ಕೊಡಬೇಕೋ, ಲಾಭದ ಪಾಲಿನಲ್ಲೇ ಸೇರಿಸಬೇಕೋ ಎಂಬುದನ್ನು ಲಾರಿ ಮನೆಗೆ ಬರುವ ಮೊದಲೇ ಕಾಗದದ ಮೇಲೆ ಬರೆದುಕೊಳ್ಳಬೇಕು.

ಸಾಲದಲ್ಲಿ ಲಾರಿ ತೆಗೆದವರು ಇನ್ನೊಂದು ಬಗೆಯಲ್ಲಿ ಎಡವುತ್ತಾರೆ. ಕಂತನ್ನೂ ಖರ್ಚಿಗೆ ಹಾಕಿ, ಸವಕಳಿಯನ್ನೂ ಹಾಕಿದರೆ ಲಾರಿಯ ಬೆಲೆ ಎರಡು ಸಲ ಬಂತು. ಕಂತಿನಲ್ಲಿ ಅಸಲಿನ ಭಾಗ ಖರ್ಚಲ್ಲ, ಅದರ ಬದಲು ಸವಕಳಿ ಇದೆ. ಅಸಲಿನ ಮೇಲೆ ಕಟ್ಟುವುದು ಮಾತ್ರ ಖರ್ಚು. ಅದು ಸರಿಯೋ ತಪ್ಪೋ ಎಂಬ ಪ್ರಶ್ನೆ ಈ ಪತ್ರಿಕೆಯ ಓದುಗರಿಗೆ ಹೊಸದಲ್ಲ, ಇಲ್ಲಿ ಬೆಳೆಸುವುದಿಲ್ಲ.

ಇನ್ನು ಬಾಡಿಗೆ ಒಪ್ಪುವ ವಿಷಯ. ಲಾರಿ ನಿಂತರೂ ನಿಲ್ಲದ ಖರ್ಚುಗಳು ಚಾಲಕನ ಸಂಬಳ, ವಿಮೆ, ತೆರಿಗೆ, ಸವಕಳಿ. ನಮ್ಮ ಲೆಕ್ಕದಲ್ಲಿ ತಿಂಗಳಿಗೆ 70,000. ಓಡಿದರೆ ಮಾತ್ರ ಆಗುವ ಖರ್ಚು ಟ್ರಿಪ್ಪಿಗೆ 22,375. ಎಂಟು ಟ್ರಿಪ್ಪಾದರೆ ಒಂದೊಂದರ ಪೂರ್ತಿ ಖರ್ಚು 31,125. ಮಳೆಗಾಲದಲ್ಲಿ ಘಾಟಿಯಲ್ಲಿ ಮಣ್ಣು ಕುಸಿದು ಐದೇ ಟ್ರಿಪ್ಪಾದರೆ ಅದೇ ಖರ್ಚು 36,375ಕ್ಕೆ ಏರುತ್ತದೆ. ಆಗ 33,000 ಬಾಡಿಗೆ ಬಂದರೂ ತಿಂಗಳಿಗೆ ಸುಮಾರು 17,000 ನಷ್ಟ. ಹಾಗೆಂದು ಲಾರಿ ನಿಲ್ಲಿಸಬೇಕೆಂದಲ್ಲ. 28,000ಕ್ಕೆ ಲೋಡು ಸಿಕ್ಕರೂ ಓಟದ ಖರ್ಚು ಕಳೆದು 5,625 ಉಳಿಯುತ್ತದೆ, ನಿಂತರೆ ಅದೂ ಇಲ್ಲ. ಆದರೆ 22,375ಕ್ಕಿಂತ ಕೆಳಗೆ ಒಪ್ಪಿದರೆ ಓಡಿದಷ್ಟೂ ಕೈಯಿಂದ ಹೋಯಿತು. “ಖಾಲಿ ನಿಲ್ಲುವ ಬದಲು ಸಿಕ್ಕಿದ್ದಕ್ಕೆ ಹೋಗೋಣ” ಎನ್ನುವವರು ಈ ಅಂಕಿಯನ್ನು ಡ್ಯಾಶ್‌ಬೋರ್ಡಿನ ಮೇಲೆ ಬರೆದು ಅಂಟಿಸಿಕೊಳ್ಳಲಿ.

ಕೊರತೆ ತುಂಬಲು ಓವರ್‌ಲೋಡ್ ಹಾಕುವವರೂ ಇದ್ದಾರೆ. 2018ರಲ್ಲಿ ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು 25ರಿಂದ 28.5 ಟನ್ನಿಗೆ ಏರಿಸಲಾಯಿತು. ಅದನ್ನು ಮೀರಿದರೆ 2019ರ ತಿದ್ದುಪಡಿಯ ಪ್ರಕಾರ 20,000 ರೂಪಾಯಿ ದಂಡ, ಹೆಚ್ಚುವರಿ ಪ್ರತಿ ಟನ್ನಿಗೆ 2,000. ಮೇಲಿನ ಒಂದು ತಿಂಗಳ ಲಾಭದ ಪಕ್ಕ ಈ ಮೊತ್ತ ಇಟ್ಟು ನೋಡಿ. ಘಾಟಿ ಇಳಿಯುವಾಗಿನ ಬ್ರೇಕಿನ ಮಾತು ಬೇರೆ.

ಝಕಾತಿನ ಬಗ್ಗೆ ಲಾರಿಯವರು ಕೇಳುವುದುಂಟು. ದುಡಿಮೆಯ ಸಾಧನವಾದ ಲಾರಿಯ ಬೆಲೆಗೆ ಝಕಾತ್ ಇಲ್ಲ. ಆದರೆ ಟೈರಿಗೆಂದು, ವಿಮೆಗೆಂದು ಎತ್ತಿಟ್ಟ ಹಣವೂ ಉಳಿತಾಯವೇ. ನಿಸಾಬ್ ತಲುಪಿ ಚಾಂದ್ರಮಾನ ವರ್ಷ ತುಂಬಿದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಿಮ್ಮ ಸಂದರ್ಭಕ್ಕೆ ಉಸ್ತಾದರನ್ನು ಕೇಳಿಕೊಳ್ಳಿ.

ಆ ಸಹೋದರರ ಡೈರಿಯಲ್ಲಿ ಈಗ ಪ್ರತಿ ಟ್ಯಾಂಕ್ ಫುಲ್ ಮಾಡಿದಾಗ ಮೀಟರಿನ ಕಿ.ಮೀ. ಮತ್ತು ಲೀಟರು ಬರೆಯುತ್ತಾರೆ, ಖಾಲಿ ಓಡಿದ್ದೂ ಸೇರಿ. ಟೈರು, ರಿಪೇರಿ, ವಿಮೆ, ತೆರಿಗೆಯ 40,400 ಒಂದು ಖಾತೆಗೆ, ಸವಕಳಿಯ 29,000 ಇನ್ನೊಂದಕ್ಕೆ. ಎರಡನೆಯ ಖಾತೆಯಿಂದ ತೆಗೆಯಲು ಇಬ್ಬರ ಸಹಿ ಬೇಕು. ಕಳೆದ ತಿಂಗಳು ಅಣ್ಣನಿಗೆ ಹೋದ ಪಾಲು 6,800. ಲೆಕ್ಕದ ಪುಟದ ಫೋಟೋ ಜೊತೆಗೇ ಹೋಗಿತ್ತು. “ಸರಿ ಇದೆ” ಎಂದು ಅವರು ಉತ್ತರಿಸಿದರಂತೆ.